ಜಲರಾಣಿಯ ನೆರಳು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದ ಹೊಸಬರು ಮೊದಲು ತಲೆಯೆತ್ತಿ ನೋಡುತ್ತಾರೆ. ಕಾಲಡಿಯಲ್ಲಿ ಗೋಳಿಮರದ ದಟ್ಟ ನೆರಳು ಹಾಸಿಕೊಂಡಿರುತ್ತದೆ, ಸುತ್ತ ಎಲ್ಲಿಯೂ ಮರ ಮಾತ್ರ ಇಲ್ಲ. ಆಗ ಕಂಡಕ್ಟರನೋ ಹಣ್ಣಿನ ಗಾಡಿಯವನೋ ಮೂಲೆಯ ಕಂಬದ ತುದಿಯನ್ನು ತೋರಿಸುತ್ತಾನೆ. ಅಲ್ಲಿ ಗೇಣುದ್ದದ ಒಂದು ಗೋಳಿಮರ ಕೂತಿದೆ. ತಂತಿ ಮತ್ತು ಮೇಣದಿಂದ ನಾನೇ ಮಾಡಿದ್ದು. ಅದರ ನೆರಳಿನಲ್ಲಿ ಎರಡು ಬಸ್ಸು, ಹೋಟೆಲಿನ ಬೆಂಚುಗಳು, ಅಡ್ಡಾಡುವ ಎಮ್ಮೆಗಳು ಎಲ್ಲಕ್ಕೂ ಜಾಗವಿದೆ.

ಉಪ್ಪುಮಣ್ಣಿನ ಊರು ನಮ್ಮದು. ಹುಲ್ಲು ಕೂಡ ಹತ್ತು ಸಲ ಯೋಚಿಸಿ ಹುಟ್ಟುವ ನೆಲ. ಇಡೀ ಊರಿಗೆ ನಿಜವಾದ ಮರ ಒಂದೇ, ಬೋಟುಗಳು ಬಂದು ನಿಲ್ಲುವ ಹಳೆಯ ಧಕ್ಕೆಯ ಹಿಂದೆ ನಿಂತ ಗೋಳಿಮರ. ಆದರೆ ಅಳತೆ ತಪ್ಪದೆ ಮಾಡಿದ ಮಾದರಿಗೆ ನಮ್ಮಲ್ಲಿ ತನ್ನದೇ ನೆರಳು ಬೀಳುವುದಿಲ್ಲ, ಮೂಲದ ನೆರಳು ಬೀಳುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಹಲ್ಲಿನ ಸೆಟ್ಟು ಮಾಡುವವಳು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯಿಂದಲೇ ನನ್ನ ಅನ್ನ ಹುಟ್ಟಿದ್ದು. ಮಿಕ್ಕದ್ದು ಆ ಮರಕ್ಕೂ ಸೂರ್ಯನಿಗೂ ಬಿಟ್ಟ ವಿಚಾರ.

ಅದು ಸತ್ತ ನೆರಳೂ ಅಲ್ಲ. ಧಕ್ಕೆಯ ಹಿಂದೆ ಗಾಳಿ ಬೀಸಿದರೆ ನಿಲ್ದಾಣದ ನೆಲದಲ್ಲಿ ಎಲೆಗಳು ಅಲ್ಲಾಡುತ್ತವೆ. ಅಲ್ಲಿನ ಕೊಂಬೆಯ ಮೇಲೆ ಒಂದು ಕಾಗೆ ಬಂದು ಕೂತರೆ ಶಾಲೆಯ ಅಂಗಳದಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಮದುವೆ ಮನೆಯ ಎದುರು, ಮಾದರಿ ಇಟ್ಟಲ್ಲೆಲ್ಲ ಒಂದೊಂದು ಕಾಗೆಯ ನೆರಳು ಬಂದು ಕೂರುತ್ತದೆ. ಶಾಲೆಯ ಹೆಡ್ ಟೀಚರಮ್ಮ ತಮ್ಮ ಶಾಲೆಯದೇ ಒಂದು ಮಾದರಿ ಮಾಡಿಸಿ ಮನೆಯಂಗಳದಲ್ಲಿ ಇಟ್ಟುಕೊಂಡಿದ್ದಾರೆ. ರಜೆಯ ದಿನ ಶಾಲೆಯ ಮಾಡು ಹತ್ತಿದ ಮಕ್ಕಳ ನೆರಳನ್ನು ಅಲ್ಲೇ ಕೂತು ನೋಡಿ ಸೋಮವಾರ ಬೆಳಿಗ್ಗೆ ಒಬ್ಬೊಬ್ಬರದೇ ಕಿವಿ ಹಿಂಡುತ್ತಾರೆ. ಇಷ್ಟೆಲ್ಲ ನೋಡಿ ಅಭ್ಯಾಸವಾದ ನನಗೂ ಆ ಕಾಗೆ ಬಂದು ಕೂತಾಗ ಮೈ ಜುಂ ಎನ್ನುತ್ತದೆ.

ಈ ನೆರಳುಗಳ ಲಾಲನೆ ಪಾಲನೆಗೆಂದು ನಮ್ಮದೊಂದು ಕಿರುಮಾದರಿ ಸಂಘವಿದೆ. ಕಾರ್ಯದರ್ಶಿ ನಾನೇ. ಬೇರೆ ಯಾರಿಗೂ ಬೇಡವಾದ ಕುರ್ಚಿ ಅದು. ಭಾನುವಾರ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಊರಿನ ಅರ್ಧ ಜನರ ದವಡೆಯ ಪ್ಲಾಸ್ಟರ್ ಅಚ್ಚುಗಳ ನಡುವೆ ನಾವು ಸೇರುತ್ತೇವೆ. ಯಾರ ಮನೆಯ ನೆರಳು ಯಾರ ಹಪ್ಪಳದ ಮೇಲೆ ಬಿತ್ತು ಎಂಬ ಜಗಳ ತೀರಿಸಬೇಕು. ಮದುವೆಗೆ ಒಯ್ದ ಮರವನ್ನು ಕೊಂಬೆ ಬಗ್ಗಿಸಿ ತಂದವರಿಗೆ ಬೈಯಬೇಕು. ಮಳೆಗಾಲ ಮುಗಿದ ಮೇಲೆ ಎಲ್ಲರೂ ಮಾದರಿಗಳನ್ನು ಎತ್ತಿಕೊಂಡು ಗೋಳಿಮರದ ಬುಡಕ್ಕೆ ಹೋಗಿ ಹೊಸ ಕೊಂಬೆ ಸೇರಿಸಿ, ಬಿದ್ದ ಕೊಂಬೆ ಕತ್ತರಿಸಿ ತಿದ್ದಬೇಕು. ಮೂಲ ಬದಲಾದರೆ ಮಾದರಿಯೂ ಬದಲಾಗಬೇಕು, ಇಲ್ಲದಿದ್ದರೆ ನೆರಳು ಮುದುಡುತ್ತದೆ. ಮುದುಡುವುದು ಎಂದರೆ ಆಟಿಕೆಯ ನೆರಳು ಆಟಿಕೆಯಷ್ಟೇ ಆಗುವುದು. ಮೂಲವೇ ಇಲ್ಲವಾದರೂ ಹಾಗೆಯೇ. ಹಳೆಯ ಸಿನಿಮಾ ಟಾಕೀಸನ್ನು ಕೆಡವಿದ ದಿನ, ಅದರ ಮಾದರಿಯ ನೆರಳಲ್ಲಿ ಊಟ ಮಾಡುತ್ತಿದ್ದವರ ಎಲೆಗೆ ಒಮ್ಮೆಲೇ ಬಿಸಿಲು ಬಿದ್ದಿತ್ತು.

ಸಂಘದ ಗೋಡೆಯ ಮೇಲೆ ಒಂದೇ ಸಾಲು ಬರೆಸಿದ್ದೇನೆ: ಕಣ್ಣಾರೆ ನೋಡದೆ ಕೈ ಹಾಕಬಾರದು. ಮೂಲವನ್ನು ನೋಡದೆ ಮಾದರಿಯನ್ನು ತಿದ್ದಲು ಹೋದವರು ಕೆಡಿಸಿದ್ದೇ ಹೆಚ್ಚು. ಕೂದಲೆಳೆಯಷ್ಟು ತಪ್ಪಿ ಕತ್ತರಿಸಿದ್ದನ್ನು ಯಾವ ಅಂಟೂ ಮೊದಲಿನಂತೆ ಕೂಡಿಸುವುದಿಲ್ಲ. ಇನ್ನೊಂದು ನಿಯಮವನ್ನು ಬರೆಸಿಲ್ಲ, ಆದರೆ ಎಲ್ಲರಿಗೂ ಗೊತ್ತು. ಬೋಟು ಕಡಲಲ್ಲಿರುವಾಗ ಅದರ ಮಾದರಿಯನ್ನು ಬಿಸಿಲಿಗೆ ಇಡುವಂತಿಲ್ಲ. ಹಿಂದೆ ಇಡುತ್ತಿದ್ದರು. ಹೆಂಗಸರು ಒಲೆಯ ಮೇಲಿನ ಗಂಜಿ ಮರೆತು ಅಂಗಳದಲ್ಲಿ ಗಂಡನ ನೆರಳು ನೋಡುತ್ತ ಕೂರುತ್ತಿದ್ದರು. ಬೀಡಿ ಬಿಟ್ಟೆನೆಂದು ದೇವರ ಮುಂದೆ ಆಣೆ ಮಾಡಿದವನ ಬಾಯಿಯಿಂದ ಹೊಗೆಯ ನೆರಳು ಏಳುವುದನ್ನು ಓಣಿಯವರೆಲ್ಲ ನೋಡಿದರು. ‘ಕಡಲಲ್ಲಾದ್ರೂ ನೆಮ್ಮದಿ ಬೇಡವಾ ಮಾರಾಯ್ರೆ’ ಎಂದು ಗಂಡಸರು ಗುಂಪು ಕಟ್ಟಿಕೊಂಡು ಬಂದರು. ಅಂದಿನಿಂದ ಬೋಟುಗಳೆಲ್ಲ ಸಂಘದ ಕಪಾಟು ಸೇರಿದವು. ಬೀಗದ ಕೈ ನನ್ನ ಸೊಂಟದಲ್ಲಿ.

ಈ ಬೋಟುಗಳನ್ನೆಲ್ಲ ಮಾಡಿದವರು ಇನಾಸ ಪರ್ಬು. ನಮ್ಮೂರಿನ ಬೋಟು ಕಟ್ಟುವ ಬಡಗಿ, ಸಂಘದ ಹಿರಿಯ ಸದಸ್ಯರು. ದೊಡ್ಡ ಬೋಟಿಗೆ ಕೈ ಹಚ್ಚುವ ಮೊದಲು ಮೊಳದುದ್ದದ ಬೋಟೊಂದನ್ನು ಕೆತ್ತಿ, ಅದನ್ನು ತೊಟ್ಟಿಯಲ್ಲಿ ತೇಲಿಸಿ ನೋಡುವುದು ಅವರ ಪದ್ಧತಿ. ಮಾತು ಕಡಿಮೆ, ಜಂಬ ಸ್ವಲ್ಪ ಹೆಚ್ಚು. ‘ನನ್ನ ಬೋಟು ಮುರಿಯುವುದಿಲ್ಲ’ ಎನ್ನುವುದು ಅವರ ಬಾಯಲ್ಲಿ ಜಪದಂತೆ ಇರುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಆ ವರ್ಷ ಕಾಲವಲ್ಲದ ಕಾಲದಲ್ಲಿ ಗಾಳಿ ಎದ್ದಿತು. ಕಡಲಿಗೆ ಹೋದ ಬೋಟುಗಳೆಲ್ಲ ಹೇಗೋ ಜೀವ ಹಿಡಿದುಕೊಂಡು ಧಕ್ಕೆ ಸೇರಿದವು. ಜಲರಾಣಿ ಒಂದು ಬರಲಿಲ್ಲ. ಅದರಲ್ಲಿದ್ದವರು ದಾಸು ಮತ್ತು ಅವನ ಮೂವರು ಜತೆಗಾರರು. ಗಾಳಿ ನಿಂತ ಮೇಲೆ ಬೋಟಿನವರ ಯಜಮಾನ ತನಿಯಪ್ಪಣ್ಣ ನಾಲ್ಕು ದಿಕ್ಕಿಗೂ ಬೋಟು ಕಳಿಸಿದ. ಹೋದವರು ಬರಿಗೈಯಲ್ಲಿ ಬಂದರು, ಮತ್ತೆ ಹೋದರು, ಮತ್ತೆ ಬರಿಗೈಯಲ್ಲೇ ಬಂದರು.

ದಾಸುವಿನ ಹೆಂಡತಿ ಗುಲಾಬಿ ನನ್ನ ಅಂಗಡಿಗೆ ಬಂದಾಗ ನಾನು ಒಬ್ಬ ಅಜ್ಜನ ಬಾಯಿಗೆ ಅಚ್ಚಿನ ಪ್ಲಾಸ್ಟರ್ ತುಂಬಿದ್ದೆ. ಗುಲಾಬಿ ಮೀನು ಒಣಗಿಸಿ ಮಾರುವವಳು. ದನಿ ಎತ್ತಿದರೆ ಮಾರ್ಕೆಟ್ಟಿನ ಆಚೆ ತುದಿಯ ಬೆಕ್ಕೂ ಓಡಬೇಕು, ಅಂಥ ಗಂಟಲು. ಆ ದಿನ ಅವಳು ಬಾಗಿಲ ಬಳಿಯೇ ನಿಂತು ಮೆಲ್ಲಗೆ ಹೇಳಿದಳು.

‘ನಾಗವೇಣಕ್ಕ, ಜಲರಾಣಿಯನ್ನು ಕೊಡಿ.’

ನಿಯಮ ನನ್ನ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿ ಅದನ್ನು ನುಂಗಿಕೊಂಡೆ. ಬಾಯಿ ತೆರೆದುಕೊಂಡೇ ಕೂತಿದ್ದ ಅಜ್ಜ ಕೂಡ ಕೈಸನ್ನೆಯಲ್ಲಿ ‘ಕೊಡು, ಕೊಡು’ ಎಂದ. ಸೊಂಟದಿಂದ ಬೀಗದ ಕೈ ತೆಗೆದೆ.

ಮೀನು ಒಣಗಿಸುವ ಬಯಲು ನಮ್ಮೂರಿನ ಅತಿ ದೊಡ್ಡ ಬಿಸಿಲು. ಅದರ ನಡುವೆ ಒಂದು ಕುರ್ಚಿಯಿಟ್ಟು, ಕುರ್ಚಿಯ ಮೇಲೆ ಜಲರಾಣಿಯನ್ನು ಇಟ್ಟೆವು. ಸುದ್ದಿ ತಿಳಿದು ಊರೇ ಬಂದು ಸುತ್ತ ನಿಂತಿತ್ತು. ಇನಾಸ ಪರ್ಬು ಕೆಲಸದ ಉಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಿದ್ದರು. ನಾನು ಮುಚ್ಚಿದ್ದ ಬಟ್ಟೆ ಎಳೆದೆ. ಕುರ್ಚಿಯ ಪಕ್ಕದಲ್ಲಿ ಮೊಳದುದ್ದದ ನೆರಳು ಬಿತ್ತು. ಅಷ್ಟೇ.

ತನಿಯಪ್ಪಣ್ಣ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಗುಲಾಬಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

‘ನಿಲ್ಲಿ, ನಿಲ್ಲಿ,’ ಎಂದರು ಇನಾಸ ಪರ್ಬು. ‘ಇದು ನಾನು ನೀರಿಗಿಳಿಸಿದಾಗಿನ ಬೋಟು. ಆಮೇಲೆ ಎಷ್ಟು ಬದಲಾಗಿದೆಯೋ ಏನೋ! ಅದರಲ್ಲಿ ಕೆಲಸ ಮಾಡಿದವರು ಯಾರೆಲ್ಲ ಉಂಟು, ಹೇಳಿ.’

ಅವರ ಮಾತಿಗೆ ಸತ್ತವರಿಗೆ ಜೀವ ಬಂದ ಹಾಗಾಯಿತು. ಪ್ರತಿಯೊಬ್ಬರಿಗೂ ಜಲರಾಣಿಯ ಒಂದೊಂದು ಚೂರು ಗೊತ್ತಿತ್ತು. ಬಲಬದಿಗೆ ಹೊಸ ಟಯರು ಕಟ್ಟಿದ್ದಾರೆ ಎಂದ ಒಬ್ಬ. ಅಲ್ಲ, ಎರಡೂ ಬದಿಗೆ ಎಂದ ಇನ್ನೊಬ್ಬ. ಮಂಜುಗಡ್ಡೆ ಕೊಡುವವನು ಹಿಂಬದಿಯ ಪೆಟ್ಟಿಗೆಯ ಉದ್ದ ಅಗಲ ತೋರಿಸಿದ. ಬಣ್ಣ ಬಳಿಯುವ ಹೆಂಗಸು ಕ್ಯಾಬಿನ್ನಿನ ಕಿಟಕಿಯ ಬಾಗಿಲು ಒಂದು ಇಲ್ಲ, ಅಲ್ಲಿ ಗೋಣಿ ನೇತು ಹಾಕಿದ್ದಾರೆ ಎಂದಳು. ಇವೆಲ್ಲ ಕಣ್ಣಾರೆ ನೋಡಿದ್ದೇ ಆದ್ದರಿಂದ ನಿಯಮಕ್ಕೆ ಭಂಗವಿರಲಿಲ್ಲ. ನಾನು ಅಂಗಡಿಯಿಂದ ಮೇಣ, ಚಿಮುಟ, ಸಣ್ಣ ಗರಗಸ ತರಿಸಿ ಅಲ್ಲೇ ನೆಲದ ಮೇಲೆ ಕೂತೆ. ದವಡೆಹಲ್ಲಿನಷ್ಟು ಟಯರುಗಳನ್ನು ಉರುಟಿದೆ. ಪ್ರತಿ ತಿದ್ದುಪಡಿಗೂ ಎಲ್ಲರೂ ಒಟ್ಟಿಗೆ ನೆಲ ನೋಡುತ್ತಿದ್ದರು. ನೆರಳು ಮೊಳದುದ್ದದ್ದೇ ಉಳಿಯಿತು.

ಮಧ್ಯಾಹ್ನ ಕಳೆಯಿತು. ಹೇಳುವವರ ಬಾಯಿಯೂ ಒಣಗಿತು. ತನಿಯಪ್ಪಣ್ಣ ಗುಲಾಬಿಯ ಎದುರು ಬಂದು ಕುಕ್ಕರುಗಾಲಲ್ಲಿ ಕೂತ. ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಮಾತನ್ನು ಯಾರಾದರೂ ಆಡಲೇಬೇಕಲ್ಲ.

‘ತಂಗಿ, ನಾನು ಹೇಳುವುದು ಕೇಳು. ಕಡಲು ಇನ್ನೂ ಸಮ ಆಗ್ಲಿಲ್ಲ. ಒಂದು ನೆರಳು ಕಂಡಿದ್ರೆ ನಾನೇ ಹೋಗ್ತಿದ್ದೆ. ಇಲ್ಲದವರನ್ನು ಹುಡುಕ್ಲಿಕ್ಕೆ ಇದ್ದವರನ್ನು ಹೇಗೆ ಕಳಿಸುವುದು? ಹೊತ್ತು ಕಂತುವ ತನಕ ನೋಡುವ. ಆಮೇಲೆ ನಿಲ್ಲಿಸುವ.’

ಗುಲಾಬಿ ಕುರ್ಚಿಯ ಮೇಲಿನ ಬೋಟನ್ನೇ ದಿಟ್ಟಿಸುತ್ತಿದ್ದಳು. ಇನಾಸ ಪರ್ಬುಗಳ ಕೈಕೆಲಸ ಅದು, ಹೊಸ ಮದುಮಗಳಂತೆ ಮಿನುಗುತ್ತಿತ್ತು.

‘ಅಲ್ಲ ನಾಗವೇಣಕ್ಕ, ಅಷ್ಟು ಗಾಳಿ ಹೊಡೆದ ಮೇಲೂ ಒಂದು ಬೋಟು ಇಷ್ಟು ಚಂದ ಇರ್ತದಾ?’

ಗಾಳಿ ಮುರಿದಂತೆ ಮಾದರಿಯನ್ನೂ ಮುರಿಯಬೇಕು ಎನ್ನುತ್ತಿದ್ದಾಳೆಂದು ತಿಳಿದು ನಾನು ಬೋಟಿಗೆ ಕೈ ಅಡ್ಡ ಹಿಡಿದೆ. ‘ಬೇಡ ಗುಲಾಬಿ. ನೋಡದೆ ಕೈ ಹಾಕುವ ಹಾಗಿಲ್ಲ. ಒಂದು ಕಡೆ ತಪ್ಪಿ ಮುರಿದ್ರೆ ಆಮೇಲೆ ಇದರಿಂದ ನೆರಳು ಬರ್ಲಿಕ್ಕೇ ಇಲ್ಲ. ಇರುವ ಒಂದು ದಾರಿಯೂ ಹೋಗ್ತದೆ.’

‘ನಾನು ನೋಡಿದ್ದೇನೆ ಅಕ್ಕ.’

‘ಎಂತ ನೋಡಿದ್ದೀ?’

‘ಬೋಟನ್ನಲ್ಲ. ಅವರನ್ನು. ಮದುವೆ ಆದಾಗಿನಿಂದ ಅವರನ್ನೇ ನೋಡ್ತಾ ಇದ್ದೇನೆ. ಹೆದರಿದಾಗ ಎಂತ ಮಾಡ್ತಾರೆ, ಸಿಟ್ಟು ಬಂದ್ರೆ ಎಂತ ಮಾಡ್ತಾರೆ, ಎಲ್ಲ ಗೊತ್ತುಂಟು.’

ಸಂಘದ ಸದಸ್ಯರು ನನ್ನ ಮುಖ ನೋಡಿದರು. ಕಾರ್ಯದರ್ಶಿ ನಾನು, ಗೋಡೆಯ ಮೇಲಿನ ಸಾಲು ನನ್ನದು. ಆ ಕ್ಷಣ ಆ ಗೋಡೆಯೂ ಬೇಡ, ಕುರ್ಚಿಯೂ ಬೇಡ ಅನಿಸಿತು. ‘ಮಾಡು’ ಎಂದೆ.

ಗುಲಾಬಿ ಬೋಟಿನ ಹಿಂಬದಿಯ ಮಂಜುಗಡ್ಡೆ ಪೆಟ್ಟಿಗೆಯನ್ನು ಕಿತ್ತು ಎಸೆದಳು. ‘ಬೋಟು ಭಾರ ಆಯ್ತು ಅಂದ್ರೆ ಮೊದಲು ಇದು ಹೋಗ್ತದೆ.’ ನೀರಿನ ಎರಡು ಡ್ರಮ್ಮುಗಳಲ್ಲಿ ಒಂದನ್ನು ಕಿತ್ತಳು, ಒಂದನ್ನು ಬಿಟ್ಟಳು. ‘ಒಂದು ಇಟ್ಕೊಳ್ತಾರೆ. ಬಾಯಾರಿಕೆಗೆ ಭಾರೀ ಹೆದರುವವರು.’ ಬಲೆಯ ಸುರುಳಿಯ ಮೇಲೆ ಕೈಯಿಟ್ಟು ತುಸು ಹೊತ್ತು ಯೋಚಿಸಿದಳು. ‘ಬಲೆ ಬಿಸಾಡುವ ಜನ ಅಲ್ಲ. ಬೇಕಾದ್ರೆ ತಾನೇ ಹಾರ್ತಾರೆ.’ ಯಾರೋ ನಕ್ಕರು, ನಕ್ಕವರೇ ಬಾಯಿಗೆ ಸೆರಗು ಒತ್ತಿಕೊಂಡರು. ಬಲೆ ಉಳಿಯಿತು. ಆಮೇಲೆ ಅವಳು ನಡುವಿನ ಕಂಬದ ಬುಡಕ್ಕೆ ಹೆಬ್ಬೆರಳು ಕೊಟ್ಟು ಒತ್ತಲು ಹೋದಳು.

‘ಅಲ್ಲಿ ಅಲ್ಲ!’

ಇನಾಸ ಪರ್ಬುಗಳ ಕೂಗಿಗೆ ನನ್ನ ಕೈಯಲ್ಲಿದ್ದ ಚಿಮುಟ ಬಿತ್ತು. ಅಷ್ಟು ಹೊತ್ತು ಅವರು ಬೆನ್ನು ತಿರುಗಿಸಿ ನಿಂತಿದ್ದರು, ತನ್ನ ಮಗುವಿಗೆ ಸೂಜಿ ಚುಚ್ಚುವುದನ್ನು ನೋಡಲಾರದ ಅಪ್ಪನ ಹಾಗೆ. ಈಗ ಬಂದು ಕುರ್ಚಿಯ ಎದುರು ಮೊಣಕಾಲೂರಿದರು. ಕಣ್ಣು ಕೆಂಪಾಗಿತ್ತು.

‘ಬುಡದಲ್ಲಿ ಮುರಿಯುವುದಿಲ್ಲ ಅದು. ಬುಡಕ್ಕೆ ಕಬ್ಬಿಣದ ಬಳೆ ಹಾಕಿದ್ದೇನೆ. ಮುರಿದ್ರೆ ಬಳೆಯ ಮೇಲೆ, ಇಲ್ಲಿ. ಗಾಳಿ ಪಡುವಣದ್ದು. ಬೋಟಿನ ಮೂತಿಯನ್ನು ದಾಸು ತೆಂಕಕ್ಕೆ ಹಿಡಿದಿರ್ತಾನೆ, ಬೇರೆ ದಾರಿ ಇಲ್ಲ. ಹಾಗಾದ್ರೆ ಕಂಬ ಎಡಕ್ಕೆ ಬೀಳ್ತದೆ. ಬೀಳುವಾಗ ಕ್ಯಾಬಿನ್ನಿನ ಈ ಮೂಲೆ ಒಡೀತದೆ, ಈ ಬೇಲಿ ಹೋಗ್ತದೆ.’ ಅವರು ಗುಲಾಬಿಯ ಕಡೆ ತಿರುಗಿದರು. ‘ಇಷ್ಟು ವರ್ಷ ಅದು ಹೇಗೆ ನಿಲ್ತದೆ ಅಂತ ಮಾತ್ರ ಹೇಳಿದೆ ಗುಲಾಬಿ. ಹೇಗೆ ಬೀಳ್ತದೆ ಅಂತ ನನಗೆ ಗೊತ್ತಿಲ್ವಾ? ಗೊತ್ತುಂಟು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.’

ಉಳಿ ಅವರ ಕೈಯಲ್ಲೇ ಇತ್ತು. ಅವರು ತಮ್ಮ ಬೋಟನ್ನು ತಾವೇ ಮುರಿದರು. ಕಂಬದ ಮೇಲ್ಭಾಗ, ಕ್ಯಾಬಿನ್ನಿನ ಎಡಮೂಲೆ, ಬೇಲಿ, ಒಂದೊಂದೂ ಸಣ್ಣದಾಗಿ ಟಕ್ಕೆಂದಾಗ ಸುತ್ತ ನಿಂತವರ ಭುಜಗಳು ಒಮ್ಮೆ ಜಗ್ಗುತ್ತಿದ್ದವು. ಚುಕ್ಕಾಣಿಯನ್ನೂ ಕಿತ್ತರು. ‘ಚುಕ್ಕಾಣಿ ಇದ್ದಿದ್ರೆ ದಾಸು ಇಷ್ಟರೊಳಗೆ ಬರ್ತಿದ್ದ’ ಎಂದರು. ಈಗ ಕುರ್ಚಿಯ ಮೇಲಿದ್ದುದು ಬೋಟಿನ ಅವಶೇಷ. ನೋಡಿದರೆ ಕರುಳು ಹಿಂಡುವಂತಿತ್ತು. ನೆಲದ ಮೇಲಿನ ನೆರಳು ಮಾತ್ರ ಆಗಲೂ ಮೊಳದುದ್ದದ ಅವಶೇಷವೇ.

ಸೂರ್ಯ ಪಡುವಣಕ್ಕೆ ವಾಲಿದ್ದ. ತನಿಯಪ್ಪಣ್ಣ ಎದ್ದು ಧೂಳು ಕೊಡವಿಕೊಂಡ. ಹೆಂಗಸರು ಒಬ್ಬೊಬ್ಬರಾಗಿ ಗುಲಾಬಿಯ ಹತ್ತಿರ ಸರಿದರು, ಇನ್ನು ಅಳುತ್ತಾಳೆ, ಹಿಡಿದುಕೊಳ್ಳಬೇಕು ಎಂದು. ಅವಳು ಅಳಲಿಲ್ಲ. ಹಣೆ ಸುಕ್ಕು ಮಾಡಿಕೊಂಡು ಬೋಟನ್ನು ನೋಡುತ್ತಿದ್ದಳು, ಸಾರಿಗೆ ಏನೋ ಕಡಿಮೆಯಾಗಿದೆ, ಏನೆಂದು ಹೊಳೆಯುತ್ತಿಲ್ಲ ಎಂಬಂತೆ.

‘ಮುರಿದದ್ದನ್ನು ಹಾಗೇ ಬಿಟ್ಟು ಕೂರುವವರಲ್ಲ ಅವರು,’ ಎಂದಳು ತನ್ನಷ್ಟಕ್ಕೆ. ಆಮೇಲೆ ನನ್ನ ಕಡೆ ತಿರುಗಿದಳು. ‘ಅಕ್ಕ, ಬಿಸಿಲುಂಟಲ್ಲ ಕಡಲಲ್ಲಿ. ನಾಲ್ಕು ಜನ ಬಿಸಿಲಲ್ಲಿ ಸುಮ್ಮನೆ ಕೂತಿರ್ತಾರಾ? ಟರ್ಪಾಲು ಕಟ್ಟಿರ್ತಾರೆ.’

ನಾನು ತಲೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೆಳಗಿನಿಂದ ನಾವೆಲ್ಲ ಗಾಳಿ ಏನೇನು ಮುರಿದಿರಬಹುದೆಂದು ಯೋಚಿಸಿದೆವು. ಒಳಗಿದ್ದವರು ಆಮೇಲೆ ಏನೇನು ಮಾಡಿಕೊಂಡಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಹುಡುಕುತ್ತೇವೆಂದು ಹೇಳುತ್ತಲೇ ನಾವು ಸತ್ತವರ ಬೋಟನ್ನು ಮಾಡುತ್ತಿದ್ದೆವು. ನನಗೆ ನಾಚಿಕೆಯಾಯಿತು.

ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಬಣ್ಣದ ಮೇಣದ ಹಾಳೆಯನ್ನು ಬಿಸಿಲಿಗೆ ಹಿಡಿದು ಮೆತ್ತಗೆ ಮಾಡಿದೆ. ಉಗುರಿನಷ್ಟು ತೆಳುವಾಗಿ ಒತ್ತಿ, ಟರ್ಪಾಲಿನ ಅಳತೆಗೆ ಕತ್ತರಿಸಿ ಅವಳ ಅಂಗೈಯಲ್ಲಿಟ್ಟೆ. ಗುಲಾಬಿ ಸೆರಗಿನ ಅಂಚಿನಿಂದ ನೂಲು ಎಳೆದಳು. ಒಂದು ತುದಿಯನ್ನು ಮುರಿದ ಕಂಬದ ಮೋಟಿಗೆ ಕಟ್ಟಿದಳು. ಇನ್ನೊಂದನ್ನು ಒಡೆದ ಕ್ಯಾಬಿನ್ನಿನ ಮೂಲೆಗೆ. ಮೂರನೆಯದನ್ನು ತಗ್ಗಿಸಿ ಬಲಬದಿಯ ಟಯರಿಗೆ. ‘ಮನೆಯಲ್ಲಿ ಮೀನಿನ ಮೇಲೆ ಅವರು ಹೀಗೇ ಕಟ್ಟುವುದು, ಒಂದು ಬದಿ ತಗ್ಗು ಮಾಡಿ. ಹಾಗೆ ಕಟ್ಟಬೇಡಿ, ತಲೆ ತಾಗ್ತದೆ ಅಂತ ನಾನು ದಿನಾ ಬೈಯುವುದು.’ ನಾಲ್ಕನೆಯ ತುದಿಯನ್ನು ಕಟ್ಟಿ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದಳು.

ಮೊದಲು ನನ್ನ ಪಾದ ತಣ್ಣಗಾಯಿತು. ಆಮೇಲೆ ಮಡಿಲು, ಆಮೇಲೆ ಮುಖ. ತಲೆಯೆತ್ತಿ ನೋಡಿದರೆ ಮೀನಿನ ಬಯಲು ಇರಲಿಲ್ಲ. ಹೆಂಚಿನ ಮಾಡಿನ ಮನೆಯಷ್ಟು ದೊಡ್ಡ ಬೋಟಿನ ನೆರಳು ನಮ್ಮೆಲ್ಲರನ್ನೂ ತನ್ನೊಳಗೆ ಹಾಕಿಕೊಂಡು ನೆಲದ ಮೇಲೆ ಮಲಗಿತ್ತು. ಸುಮ್ಮನೆ ಮಲಗಿರಲೂ ಇಲ್ಲ. ತೂಗುತ್ತಿತ್ತು. ಒಣನೆಲದ ಮೇಲೆ, ಯಾವುದೋ ಕಾಣದ ಅಲೆಗೆ ಮೇಲೇಳುತ್ತ, ಇಳಿಯುತ್ತ, ಮತ್ತೆ ಏಳುತ್ತ. ನಿಂತಿದ್ದವರಲ್ಲಿ ಹಲವರು ಬೋಟಿನಲ್ಲಿ ನಿಂತವರಂತೆ ಪಕ್ಕದವರ ಕೈ ಹಿಡಿದುಕೊಂಡರು. ಇನಾಸ ಪರ್ಬು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ನೆಲಕ್ಕೆ ಹಣೆ ಮುಟ್ಟಿಸಿದರು. ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ, ಕೈ ಮಾತ್ರ ತಾನಾಗಿಯೇ ಮುಗಿದುಕೊಂಡಿತು.

ಜನ ಅಂಚಿಗೆ ಸರಿದು ನೆರಳಿಗೆ ಜಾಗ ಬಿಟ್ಟರು. ಟರ್ಪಾಲಿನ ಅಂಚಿನಿಂದ ಒಂದು ತಲೆ ಹೊರಬಂತು. ಬಗ್ಗಿ ನೀರು ಮೊಗೆದು ಆಚೆ ಚೆಲ್ಲಿತು. ‘ಒಬ್ಬ!’ ಎಂದು ಕೂಗಿದರು. ಮೂತಿಯ ಬಳಿ ಇನ್ನೊಬ್ಬ ಕೂತಿದ್ದ. ಕ್ಯಾಬಿನ್ನಿಗೆ ಒರಗಿ ಮತ್ತೊಬ್ಬ. ಮೂವರು. ನಾಲ್ಕನೆಯವನು ಕಾಣಲಿಲ್ಲ. ಗುಲಾಬಿ ಬರಿಗಾಲಲ್ಲಿ ಆ ಮೂವರ ನೆರಳನ್ನೂ ಒಬ್ಬೊಬ್ಬರದಾಗಿ ಸುತ್ತಿ ಬಂದು ತಲೆಯಾಡಿಸಿದಳು. ಮೂವರಲ್ಲಿ ದಾಸು ಇರಲಿಲ್ಲ.

ಆಗ ಟರ್ಪಾಲಿನ ತಗ್ಗಿದ ಬದಿಯಿಂದ ಇನ್ನೊಬ್ಬ ಎದ್ದು ಬಂದ. ಏಳುವಾಗ ಟರ್ಪಾಲಿಗೆ ತಲೆ ತಾಗಿಸಿಕೊಂಡ. ತಲೆ ಉಜ್ಜಿಕೊಳ್ಳುತ್ತ, ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟು, ನೀರು ಮೊಗೆಯುವವನಿಗೆ ಏನೋ ಬೈಯುತ್ತಿದ್ದ. ಗುಲಾಬಿ ಆ ನೆರಳಿನ ಪಾದದ ಬಳಿ ನೆಲಕ್ಕೆ ಅಂಗೈ ಒತ್ತಿ ಕೂತುಬಿಟ್ಟಳು. ನೆರಳು ತೂಗಿದಂತೆಲ್ಲ ಅವಳ ಕೈಯೂ ಅದರ ಜತೆಗೆ ಸರಿಯುತ್ತಿತ್ತು.

ತನಿಯಪ್ಪಣ್ಣ ಬೈರಾಸನ್ನು ತಲೆಗೆ ಬಿಗಿದು ಧಕ್ಕೆಯ ಕಡೆ ಓಡಿದ. ಹಾಗೆ ಓಡುವ ದೇಹವಲ್ಲ ಅವನದು. ಚುಕ್ಕಾಣಿಯಿಲ್ಲದ ಬೋಟು ಯಾವ ಸೆಳೆತಕ್ಕೆ ಸಿಕ್ಕಿ ಎತ್ತ ಹೋದೀತೆಂದು ಇನಾಸ ಪರ್ಬು ಧಕ್ಕೆಯವರೆಗೂ ಹಿಂದೆ ಹಿಂದೆ ಓಡುತ್ತ ಹೇಳುತ್ತಿದ್ದರು. ಊರಿನ ಬೋಟುಗಳೆಲ್ಲ ಹೊರಟವು. ಸಂಜೆಯ ಸೂರ್ಯನಿಗೆ ಜಲರಾಣಿಯ ನೆರಳು ಉದ್ದವಾಗುತ್ತ ಹೋಗಿ, ಬಯಲು ದಾಟಿ ಮನೆಗಳ ಗೋಡೆ ಹತ್ತಿ, ಆಮೇಲೆ ಎಲ್ಲ ನೆರಳುಗಳ ಜತೆ ಕರಗಿಹೋಯಿತು.

ಬೆಳಗಾದಾಗ ಆಕಾಶಕ್ಕೆ ಮೋಡ ಮೆತ್ತಿಕೊಂಡಿತ್ತು. ಹುಟ್ಟಿದಾಗಿನಿಂದ ಬಿಸಿಲಿಗೆ ಶಾಪ ಹಾಕಿ, ನೆರಳನ್ನು ಬಾಡಿಗೆಗೆ ತಂದು ಬದುಕಿದ ಜನ ಆ ದಿನ ಒಂದು ತುಣುಕು ಬಿಸಿಲಿಗಾಗಿ ಕತ್ತು ಎತ್ತಿ ನಿಂತರು. ಮಸೀದಿಯಲ್ಲಿ, ಇಗರ್ಜಿಯಲ್ಲಿ, ದೇವಸ್ಥಾನದಲ್ಲಿ ಎಲ್ಲ ಕಡೆ ಅದೇ ಬೇಡಿಕೆ. ಕೊನೆಗೆ ಮೋಡ ಹರಿದು ಬಿಸಿಲು ಬಿದ್ದರೆ, ಕುರ್ಚಿಯ ಪಕ್ಕದಲ್ಲಿ ಮೊಳದುದ್ದದ ನೆರಳು! ನನ್ನ ಬಾಯಿಯಿಂದ ಅಯ್ಯೋ ಎಂದು ಬಂದೇಬಿಟ್ಟಿತು. ಗುಲಾಬಿ ಗಾಬರಿಯಾಗಲಿಲ್ಲ. ‘ಬೆಳಿಗ್ಗೆ ಗಾಳಿ ಮೂಡಣಕ್ಕೆ ತಿರುಗ್ತದಲ್ಲ ಅಕ್ಕ’ ಎಂದು ಬಲಬದಿಯ ನೂಲು ಬಿಚ್ಚಿ ಎಡಕ್ಕೆ ಕಟ್ಟಿದಳು. ನೆರಳು ಮತ್ತೆ ಬಯಲು ತುಂಬಿತು. ಕಡಲಲ್ಲಿ ಎಲ್ಲಿಯೋ ದಾಸು ಅದೇ ಹೊತ್ತಿಗೆ ಟರ್ಪಾಲು ತಿರುಗಿಸಿ ಕಟ್ಟಿದ್ದ. ಇಬ್ಬರ ನಡುವೆ ಇಡೀ ಕಡಲು ಬಿದ್ದಿತ್ತು, ಆದರೂ ಒಂದೇ ಗಂಟಿಗೆ ಇಬ್ಬರ ಕೈಯೂ ಇದ್ದಂತೆ ನನಗೆ ಕಂಡಿತು.

ನಾವು ಬಯಲಿನಲ್ಲೇ ಒಲೆ ಹೂಡಿದೆವು. ನೆರಳಿನ ಅಂಚಿನಲ್ಲಿ ಕೂತು ಗಂಜಿ ಕುಡಿದೆವು. ಅವರು ನಾಲ್ವರು ಏನೂ ಕುಡಿಯಲಿಲ್ಲ. ನೀರಿನ ಡ್ರಮ್ಮನ್ನು ಬೋರಲು ಹಾಕಿ ಬಡಿಯುವುದನ್ನು ಕಂಡೆವು, ಆಮೇಲೆ ನಮಗೂ ಗಂಜಿ ಇಳಿಯಲಿಲ್ಲ. ನೀರು ಮೊಗೆಯುವ ಕೈಗಳು ನಿಧಾನವಾದವು. ಒಬ್ಬ ಮಲಗಿದವನು ಏಳಲೇ ಇಲ್ಲ, ಆಗಾಗ ಕಾಲು ಮಾತ್ರ ಮಡಚುತ್ತಿದ್ದ. ಬೋಟಿನ ನೆರಳು ಬಲಕ್ಕೆ ವಾಲತೊಡಗಿತು. ಇನಾಸ ಪರ್ಬು ಅದನ್ನು ನೋಡಿದರು, ನನ್ನನ್ನು ನೋಡಿದರು. ಬೋಟಿನೊಳಗೆ ನೀರು ಏರುತ್ತಿತ್ತು. ಗುಲಾಬಿ ದಾಸುವಿನ ನೆರಳಿನ ಪಕ್ಕದಲ್ಲಿ ಕೂತು ಮೆಲ್ಲಗೆ ಬೈಯುತ್ತಿದ್ದಳು, ‘ಮೊಗೀರಿ, ಸುಮ್ಮನೆ ಕೂರಬೇಡಿ, ಮೊಗೀರಿ’ ಎಂದು. ಅವನು ಮೊಗೆಯುತ್ತಲೇ ಇದ್ದ.

ಬಿಸಿಲು ನೆತ್ತಿಗೇರಿದ ಮೇಲೆ ದಾಸು ಒಮ್ಮೆಲೇ ಎದ್ದು ನಿಂತ. ಎರಡೂ ಕೈ ಮೇಲೆತ್ತಿ ಬೀಸಿದ. ಬೇಲಿ ಮುರಿದ ಎಡಬದಿಯಲ್ಲಿ, ಏನೂ ಇಲ್ಲದ ಬಿಸಿಲಿನಿಂದ ಒಂದು ಕಾಲು ಬಂದು ಬೋಟಿನ ಮೇಲೆ ಊರಿತು. ಕಾಲಿನ ಹಿಂದೆ ಒಂದು ಹೊಟ್ಟೆ ಬಂತು. ಅಂಥ ಹೊಟ್ಟೆ ನಮ್ಮೂರಿನಲ್ಲಿ ಒಬ್ಬರಿಗೇ ಇದ್ದದ್ದು.

‘ತನಿಯಪ್ಪಣ್ಣ!’ ಎಂದು ಹೆಡ್ ಟೀಚರಮ್ಮ ಸಣ್ಣ ಹುಡುಗಿಯಂತೆ ಕಿರುಚಿದರು. ‘ಐದು ಜನ! ಐದು!’

ಬಯಲು ಹುಚ್ಚೆದ್ದು ಕುಣಿಯಿತು. ಆದರೆ ಗುಲಾಬಿ ‘ಶ್ಶ್’ ಎಂದು ಕೈ ಎತ್ತಿದಳು, ಗದ್ದಲ ಕೇಳಿ ನೆರಳುಗಳು ಎಲ್ಲಿ ಬೆದರುತ್ತವೋ ಎಂಬಂತೆ. ತನಿಯಪ್ಪಣ್ಣ ಮಲಗಿದ್ದವನನ್ನು ಮಗುವಿನಂತೆ ಎತ್ತಿಕೊಂಡು ಬೋಟಿನ ಅಂಚಿಗೆ ಒಯ್ದ. ಅಂಚು ದಾಟಿ, ಇಲ್ಲಿ ನೆರಳಿಲ್ಲದ ತನಿಯಪ್ಪಣ್ಣನ ಬೋಟು ಸೇರಿದ್ದೇ ಆ ನೆರಳು ಮಾಯವಾಯಿತು. ಎರಡನೆಯವನು ತೂರಾಡುತ್ತ ಹೋಗಿ ಮಾಯವಾದ. ಮೂರನೆಯವನು ಹೋದ. ಹಿಂದಿನ ದಿನ ಒಂದೊಂದು ತಲೆ ಕಂಡಾಗಲೂ ಕುಣಿದಿದ್ದವರು ನಾವು. ಈಗ ಒಂದೊಂದು ತಲೆ ಇಲ್ಲವಾದಾಗಲೂ ಕಣ್ಣೀರು ಒರೆಸಿಕೊಂಡು ನಕ್ಕೆವು.

ದಾಸು ಕಡೆಯವನಾಗಿ ಉಳಿದ. ಬಗ್ಗಿ ಬೋಟಿನ ಹಲಗೆಯನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಎಡಬದಿಗೆ ನಡೆದ. ಗುಲಾಬಿ ಅವನ ಪಕ್ಕದಲ್ಲೇ, ಅವನು ಒಂದು ಹೆಜ್ಜೆ ಇಟ್ಟರೆ ತಾನೂ ಒಂದು ಹೆಜ್ಜೆ ಇಡುತ್ತ, ನೆರಳಿನ ಅಂಚಿನವರೆಗೂ ನಡೆದಳು. ಅವನು ದಾಟಿ ಹೋದ. ಅವಳು ಉರಿಬಿಸಿಲಿನಲ್ಲಿ ಒಬ್ಬಳೇ ನಿಂತು ಹಿಂದಿರುಗಿ ನೋಡಿದಳು. ಬೋಟಿನ ನೆರಳಿನ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.

‘ಯಾರೂ ಇಲ್ಲ ನಾಗವೇಣಕ್ಕ!’ ಮಾರ್ಕೆಟ್ಟಿನ ಆ ಗಂಟಲು ಅಷ್ಟು ದಿನಗಳ ಮೇಲೆ ಮೊದಲ ಸಲ ತೆರೆದುಕೊಂಡಿತು. ‘ನೋಡಿ, ಒಬ್ಬರೂ ಇಲ್ಲ! ಪೂರ್ತಿ ಖಾಲಿ!’